ಐದನೆಯ ಮನೆ

ಮೊನ್ನೆ ನಮ್ಮ ಕಾಂದಿವಲಿಯ ಮನೆಗೆ ಬಂದ ವೈರ್‌ಮನ್ ಮೀಟರಿನ ಪೆಟ್ಟಿಗೆ ಎಲ್ಲಿದೆ ಎಂದು ಕೇಳಿದ. ಬಾಗಿಲ ಪಕ್ಕದ ಗೋಡೆಗೆ ತೂಗುಹಾಕಿದ್ದ ಫ್ರೇಮನ್ನು ತೋರಿಸಿದೆ. ಪೆಟ್ಟಿಗೆ ಅದರ ಹಿಂದಿದೆ. ಹಿಂದೊಮ್ಮೆ ಪೆಟ್ಟಿಗೆಯ ಮುಚ್ಚಳ ಕಳಚಿ ಬಿದ್ದಾಗ ಆ ತೂತನ್ನು ಮರೆಮಾಡಲು ಮನೆಯಲ್ಲಿ ಸರಿಯಾದ ಅಳತೆಯ ವಸ್ತು ಸಿಕ್ಕಿದ್ದು ಅದೊಂದೇ.

ಅವನು ಫ್ರೇಮನ್ನು ಇಳಿಸಿ, ತೋಳಿನಿಂದ ಗಾಜು ಒರೆಸಿ, ಅಕ್ಷರ ಕೂಡಿಸಿಕೊಂಡು ಓದಿದ. ನನ್ನನ್ನು ಒಮ್ಮೆ ನೋಡಿದ.

"ಅಂಕಲ್, ಆಪ್ ಪೊಲೀಸ್ ಮೇ ಥೇ ಕ್ಯಾ?"

ಪೊಲೀಸನಲ್ಲ, ಪತ್ರಿಕೆಯಲ್ಲಿದ್ದೆ ಎಂದೆ. ಒಳಗಿನಿಂದ ನನ್ನ ಹೆಂಡತಿಯ ಧ್ವನಿ ಬಂತು: "ಅದು ನಿಮ್ಮ ದೊಡ್ಡ ಪದವಿ ಅಂತ ಹೇಳ್ರಿ ಅವಂಗ. ಇವತ್ತಿನ ತನಕಾ ಒಬ್ಬ ಕಳ್ಳನ್ನ ಹಿಡದಿಲ್ಲ. ಮನ್ಯಾಗ ಕನ್ನಡಕ ಕಳದ್ರ ನಾನ ಹುಡುಕಿ ಕೊಡಬೇಕು."

ಅವಳು ಹೇಳಿದ್ದರಲ್ಲಿ ತಪ್ಪೇನಿಲ್ಲ. ಅದು ವಿಶ್ವವಿದ್ಯಾಲಯದ ಲಾಂಛನವಿರುವ, ಅಪರಾಧಶಾಸ್ತ್ರದ ಸರ್ಟಿಫಿಕೇಟು. ಪ್ರಥಮ ದರ್ಜೆ. ಎಪ್ಪತ್ತರ ದಶಕದ ಆರಂಭದಲ್ಲಿ, ಸಂಜೆಯ ತರಗತಿಗಳಲ್ಲಿ ಕೂತು ಸಂಪಾದಿಸಿದ್ದು. ಅದರಿಂದ ಯಾರಿಗಾದರೂ ಏನಾದರೂ ಉಪಯೋಗವಾಯಿತೇ ಎಂದು ಕೇಳಿದರೆ, ಮೀಟರಿನ ಪೆಟ್ಟಿಗೆಗೆ ಆಯಿತು ಎನ್ನಬೇಕು.

ಆಗ ನಾನು ಫೋರ್ಟಿನ ಒಂದು ಸಂಜೆಪತ್ರಿಕೆಯಲ್ಲಿ ಉಪಸಂಪಾದಕ. ನಗರದ ಸಣ್ಣಪುಟ್ಟ ಸುದ್ದಿಗಳೆಲ್ಲ ನನ್ನ ಮೇಜಿಗೆ ಬರುತ್ತಿದ್ದವು. ಪರಳಿನಲ್ಲಿ ಚೂರಿ ಇರಿತ, ಕುರ್ಲಾದಲ್ಲಿ ಹಳಿಯ ಮೇಲೆ ಶವ, ಮಾಹಿಮಿನಲ್ಲಿ ಕಳ್ಳಭಟ್ಟಿ. ಎಲ್ಲವನ್ನೂ ತಿದ್ದಿ, ಕತ್ತರಿಸಿ, ಕೊನೆಗೆ "ಕೃತ್ಯಕ್ಕೆ ಕಾರಣ ತಿಳಿದುಬಂದಿಲ್ಲ" ಎಂಬ ಸಾಲು ಸೇರಿಸುವುದು ನನ್ನ ಕೆಲಸ. ಆ ಸಾಲನ್ನು ಬರೆದು ಬರೆದು ಒಂದು ದಿನ ನನಗೆ ಕಾರಣ ತಿಳಿದುಕೊಳ್ಳಬೇಕು ಎನಿಸಿತು. ನೋಟೀಸ್ ಬೋರ್ಡಿನಲ್ಲಿ ಕೋರ್ಸಿನ ಜಾಹೀರಾತು ಕಂಡಿತು. ನಮ್ಮ ಸುದ್ದಿ ಸಂಪಾದಕರು ಉಡುಪಿ ಕಡೆಯ ಭಟ್ಟರು. ಬೇಗ ಹೊರಡಲು ಅವರ ಅನುಮತಿ ಬೇಕಿತ್ತು.

"ಕಾರಣ ಗೊತ್ತಾಗಿ ಎಂತ ಮಾಡ್ತೀಯಾ ಮಾರಾಯಾ?" ಎಂದರು ಭಟ್ಟರು, ತಲೆ ಎತ್ತದೆ. "ಕಾರಣ ಬರೆದ್ರೆ ಎರಡು ಸಾಲು ಜಾಸ್ತಿ ಆಗ್ತದೆ. ಜಾಗ ಎಲ್ಲುಂಟು?"

ಆದರೂ ಬಿಟ್ಟರು.

ತರಗತಿಯಲ್ಲಿ ಇದ್ದವರನ್ನು ನೋಡಿದರೆ ನಿಮಗೆ ಅದು ಪಾಠಶಾಲೆಯೋ ರೈಲ್ವೆ ಕಾಯುವ ಕೋಣೆಯೋ ತಿಳಿಯುತ್ತಿರಲಿಲ್ಲ. ಬಡ್ತಿಗೆ ಕಾದ ಪೊಲೀಸರು, ಕಕ್ಷಿದಾರರಿಲ್ಲದ ವಕೀಲರು, ನಿವೃತ್ತರಾದ ಒಬ್ಬ ಕಸ್ಟಮ್ಸ್ ಅಧಿಕಾರಿ. ಆ ಅಧಿಕಾರಿ ಪಾಠ ಶುರುವಾದೊಡನೆ ನಿದ್ದೆಹೋಗಿ, ಮುಗಿದೊಡನೆ ಎದ್ದು, "ಎಕ್ಸಲೆಂಟ್" ಎನ್ನುತ್ತಿದ್ದರು. ಪ್ರೊಫೆಸರರು ತೆಳ್ಳನೆಯ ಮನುಷ್ಯ. ಹಳದಿಗಟ್ಟಿದ ಹಾಳೆಗಳಿಂದ ಓದುತ್ತಿದ್ದರು. ಮೊದಲ ತಿಂಗಳು, ಹುಟ್ಟಿನಿಂದಲೇ ಅಪರಾಧಿಗಳಾದವರನ್ನು ಮುಖಲಕ್ಷಣದಿಂದ ಗುರುತಿಸಬಹುದೆಂದು ನಂಬಿದ್ದ ಹಳೆಯ ಪಂಡಿತರ ಬಗ್ಗೆ ಹೇಳಿದರು. ಕೆನ್ನೆಗೆ ಅಂಟಿಕೊಂಡ ಕಿವಿಹಾಲೆ ಅಂಥ ಒಂದು ಲಕ್ಷಣವಂತೆ. ಈಗ ಅದನ್ನು ಯಾರೂ ಒಪ್ಪುವುದಿಲ್ಲ ಎಂದೂ ಹೇಳಿದರು. ಆದರೆ ಅಷ್ಟರಲ್ಲಿ ಇಡೀ ತರಗತಿ ತಿರುಗಿ ನನ್ನ ಕಿವಿಯನ್ನು ನೋಡಿಯಾಗಿತ್ತು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. "ನಿಮ್ಮಜ್ಜನ ಕಿವಿ ಹಂಗ ಇದ್ದೂವು," ಎಂದಳು. ಆಮೇಲೆ, "ಅವರ ಬಗ್ಗೆ ಊರಾಗ ಮಂದಿ ಏನೇನೋ ಅಂತಿದ್ರು," ಎಂದಳು.

ಹಿಂದಿನ ಬೆಂಚಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವನು ಸಾಳವಿ. ಹೆಡ್ ಕಾನ್‌ಸ್ಟೇಬಲ್, ಕೊಂಕಣದವನು, ದೊಡ್ಡ ಮೈ, ಸಣ್ಣ ಧ್ವನಿ. ಅವನ ಕೆಲಸ ಭಿಕ್ಷುಕರನ್ನು ಹಿಡಿಯುವ ದಳದಲ್ಲಿ. ಮಫ್ತಿಯಲ್ಲಿ ಸ್ಟೇಷನ್ನುಗಳ ಬಳಿ ನಿಂತು, ಬೇಡುವವರನ್ನು ವ್ಯಾನಿಗೆ ಹತ್ತಿಸುವುದು. ಅಂಥವರಿಗಾಗಿ ಉಪನಗರದ ಅಂಚಿನಲ್ಲಿ ಒಂದು ಗೃಹವಿತ್ತು. ಮ್ಯಾಜಿಸ್ಟ್ರೇಟರು ಅಲ್ಲಿಗೇ ಬಂದು ವಿಚಾರಣೆ ಮಾಡುತ್ತಿದ್ದರು. ಮೊದಲ ಸಲವಾದರೂ ವರ್ಷಗಟ್ಟಲೆ ಅಲ್ಲಿಡಬಹುದಿತ್ತು. ಸಾಳವಿಗೆ ಈ ಕೆಲಸ ಸೇರುತ್ತಿರಲಿಲ್ಲ. "ಕುಲಕರ್ಣಿ, ಚೋರ್ ಕೋ ಪಕಡೋ ತೋ ಇಜ್ಜತ್ ಹೈ," ಎನ್ನುತ್ತಿದ್ದ. "ಅಂಧಾ ಬುಡ್ಢಾ ಪಕಡ್ಕೇ ಮೈ ಘರ್ ಮೇ ಕ್ಯಾ ಬೋಲೂಂ?" ಕಳ್ಳನನ್ನು ಹಿಡಿದರೆ ಮರ್ಯಾದೆ, ಕುರುಡ ಮುದುಕನನ್ನು ಹಿಡಿದೆನೆಂದು ಮನೆಯಲ್ಲಿ ಏನು ಹೇಳಲಿ ಎಂದು. ಬಡ್ತಿ ಸಿಕ್ಕರೆ ಬೇರೆ ಠಾಣೆಗೆ ಹೋಗಬಹುದೆಂದು ಕೋರ್ಸಿಗೆ ಸೇರಿದ್ದ.

ಒಂದು ಸಂಜೆ ಪ್ರೊಫೆಸರರು ಭಿಕ್ಷಾಟನೆಯ ವ್ಯಾಖ್ಯೆಯನ್ನು ಬರೆಸಿದರು. ಸಾರ್ವಜನಿಕ ಸ್ಥಳದಲ್ಲಿ ಕೈಚಾಚುವುದು. ಹಾಡಿ, ಕುಣಿದು, ಕಣಿ ಹೇಳಿ ಕೈಚಾಚುವುದೂ ಅದೇ. ಬೇಡುವುದಕ್ಕಾಗಿ ಇನ್ನೊಬ್ಬರ ಮನೆಯಂಗಳಕ್ಕೆ ಹೋಗುವುದೂ ಅದೇ. ಬರೆಯುತ್ತಿದ್ದ ನನ್ನ ಪೆನ್ನು ನಿಂತಿತು.

ನಮ್ಮ ಮನೆದೇವರು ವೆಂಕಟರಮಣ. ಶ್ರಾವಣ ಶನಿವಾರ ಗಂಡುಮಕ್ಕಳು ಗೋಪಾಳಕ್ಕೆ ಹೋಗಬೇಕು. ಎಂದರೆ ನಾಲ್ಕು ಮನೆಯಲ್ಲಿ ಅಕ್ಕಿ ಬೇಡಿ ತರಬೇಕು, ಅದನ್ನೇ ಬೇಯಿಸಿ ದೇವರಿಗೆ ಎಡೆ ಇಡಬೇಕು. ಅಪ್ಪ ವಿಜಾಪುರದ ಕಡೆಯಿಂದ ಬಂದು ಮಿಲ್ಲಿನ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಜೋಗೇಶ್ವರಿಯ ಚಾಳಿನಲ್ಲಿ ನಮಗೆ ಊಟಕ್ಕೇನೂ ಕಡಿಮೆ ಇರಲಿಲ್ಲ. ಆದರೂ ಅಮ್ಮ ಬೆಳಿಗ್ಗೆಯೇ ನನ್ನ ತಲೆಗೆ ತಣ್ಣೀರು ಸುರಿದು, ಒದ್ದೆ ಪಂಚೆ ಸುತ್ತಿ, ಹಣೆಗೆ ನಾಮ ಎಳೆದು, ನಾಮ ಬರೆದ ತಾಮ್ರದ ತಂಬಿಗೆ ಕೈಗೆ ಕೊಟ್ಟು ಹೊರಗೆ ತಳ್ಳುತ್ತಿದ್ದಳು. "ಯಾಕಮ್ಮಾ?" ಎಂದರೆ, "ಸೊಕ್ಕು ಬರಬಾರದು ಅಂತ," ಎನ್ನುತ್ತಿದ್ದಳು. ನನ್ನಲ್ಲಿ ಆಗ ಇದ್ದ ಸೊಕ್ಕು ಎಷ್ಟು ಎಂದು ನನಗೆ ನೆನಪಿಲ್ಲ. ಆದರೆ ಆ ಪಂಚೆಯಲ್ಲಿ ಗ್ಯಾಲರಿಯುದ್ದಕ್ಕೂ ನಡೆದ ಮೇಲೆ ಏನೂ ಉಳಿಯುತ್ತಿರಲಿಲ್ಲ. ಕೆಳಗಿನ ಮನೆಯ ಗುಜರಾತಿ ಹೆಂಗಸು ಏನು ಕೊಡಬೇಕೆಂದು ತಿಳಿಯದೆ ತಂಬಿಗೆಗೆ ಗ್ಲುಕೋಸ್ ಬಿಸ್ಕೀಟು ಹಾಕಿದ್ದಳು. ಬೇಡಿ ತಂದದ್ದನ್ನು ಬಿಡುವಂತಿಲ್ಲ, ಅಕ್ಕಿಯ ಜೊತೆ ಬೇಯಿಸುವಂತೆಯೂ ಇಲ್ಲ. ಅಮ್ಮ ಒಲೆಯ ಮುಂದೆ ಬಹಳ ಹೊತ್ತು ಯೋಚಿಸುತ್ತ ಕೂತಿದ್ದಳು. ನನ್ನ ತರಗತಿಯ ಹುಡುಗನೊಬ್ಬ ನನ್ನನ್ನು ಆ ವೇಷದಲ್ಲಿ ನೋಡಿ ವರ್ಷವಿಡೀ "ಭಿಕಾರಿ" ಎಂದು ಕರೆದ.

ನಾನು ಕೈ ಎತ್ತಿ ಪ್ರೊಫೆಸರರಿಗೆ ಇದನ್ನು ಹೇಳಿದೆ. ಅವರು ಕನ್ನಡಕ ತೆಗೆದು ವ್ಯಾಖ್ಯೆಯನ್ನು ಇನ್ನೊಮ್ಮೆ ಓದಿಕೊಂಡರು.

"ಶ್ರಾವಣ ಶನಿವಾರಗಳಲ್ಲಿ ನೀವು ಭಿಕ್ಷುಕರು," ಎಂದರು ಇಂಗ್ಲಿಷಿನಲ್ಲಿ. "ಮಿಕ್ಕ ದಿನ ನಾಗರಿಕರು."

"ಸರ್, ಪತಾ ದೇ ದೋ ಇಸಕಾ," ಎಂದ ಸಾಳವಿ ನನ್ನ ಪಕ್ಕದಿಂದ. "ಶನಿವಾರ್ ಕೋ ವ್ಯಾನ್ ಲೇಕೆ ಆತಾ ಹೂಂ." ವಿಳಾಸ ಕೊಟ್ಟರೆ ಶನಿವಾರ ವ್ಯಾನು ತರುತ್ತೇನೆ ಎಂದು.

ಎಲ್ಲರೂ ನಕ್ಕರು. ಕಸ್ಟಮ್ಸ್ ಅಧಿಕಾರಿ ಎಚ್ಚರಗೊಂಡು "ಎಕ್ಸಲೆಂಟ್" ಎಂದರು. ನಾನೂ ನಕ್ಕೆ. ನಗುವಾಗ ನನಗೆ ಸಂಗವ್ವನ ನೆನಪೇ ಬರಲಿಲ್ಲ. ಬಂದಿದ್ದರೂ ಏನೂ ಬದಲಾಗುತ್ತಿರಲಿಲ್ಲ.

ಸಂಗವ್ವ ಗಾರೆ ಹೊರುವವಳು. ನಮ್ಮ ಚಾಳಿನ ಹಿಂದೆ ಸಣ್ಣ ಕಾರ್ಖಾನೆಗಳ ಷೆಡ್ಡುಗಳು ಏಳುತ್ತಿದ್ದವು. ಆ ಕೆಲಸಕ್ಕೆ ನಮ್ಮ ಜಿಲ್ಲೆಯ ಕಡೆಯಿಂದ ಬಂದಿದ್ದ ಗುಂಪಿನಲ್ಲಿ ಅವಳೂ, ಅವಳ ತಮ್ಮನೂ ಇದ್ದರು. ಗಂಡ ಊರಲ್ಲೇ ತೀರಿಕೊಂಡಿದ್ದ. ಒಬ್ಬಳೇ ಮಗಳು, ನೀಲಿ. ನೀಲಿ ಕೈಗೂಸಾಗಿದ್ದಾಗ ಸಿಡುಬು ಬಂದು ಕಣ್ಣು ಹೋಗುವುದರಲ್ಲಿತ್ತು. ಸಂಗವ್ವ ಎಲ್ಲಮ್ಮನಿಗೆ ಹರಕೆ ಹೊತ್ತಳು: ಕಣ್ಣು ಉಳಿದರೆ, ಜೀವ ಇರುವ ತನಕ ಮಂಗಳವಾರ, ಶುಕ್ರವಾರ ಐದು ಮನೆ ಜೋಗ ಬೇಡುತ್ತೇನೆ ಎಂದು. ಕಲೆಗಳು ಮುಖದ ಮೇಲೆ ಉಳಿದವು, ಕಣ್ಣೂ ಉಳಿದವು. ಅಂದಿನಿಂದ ಆ ಎರಡು ದಿನ ಅವಳು ಕೆಲಸಕ್ಕೆ ಹೋಗುವ ಮೊದಲು ಮಿಂದು, ದೇವಿಯ ಹಿತ್ತಾಳೆ ಮುಖವಿದ್ದ ಸಣ್ಣ ಬಿದಿರು ಬುಟ್ಟಿಯನ್ನು ಹಿಡಿದು ಐದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಮಿಕ್ಕ ದಿನ ಯಾರಾದರೂ ಸುಮ್ಮನೆ ಒಂದು ರೊಟ್ಟಿ ಕೊಟ್ಟರೂ ಮುಟ್ಟುವವಳಲ್ಲ.

ಮೊದಲನೆಯ ಮನೆ ನಮ್ಮದು. "ಉಧೋ ಉಧೋ" ಎಂದು ಗಟ್ಟಿಯಾಗಿ ಕೂಗುತ್ತಿದ್ದಳು. ಅಮ್ಮ ಮೊರದಲ್ಲಿ ಅಕ್ಕಿ ತರುತ್ತಿದ್ದಳು. ಸಂಗವ್ವ ಅಮ್ಮನ ಹಣೆಗೆ ದೇವಿಯ ಅರಿಸಿನ, ಭಂಡಾರ, ಹಚ್ಚುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿ ಒಂದು ಚೇಷ್ಟೆ.

"ಸಣ್ಣ ಸಾಹೇಬ್ರ, ಪೇಪರನ್ಯಾಗ ನನ್ನ ಹೆಸರು ಯಾವಾಗ ಹಾಕ್ತೀರಿ?"

"ನೀ ಏನರೆ ಮಾಡಿದ್ರ ಹಾಕೂದು," ಎನ್ನುತ್ತಿದ್ದೆ.

"ದಿನಾ ಮೂರು ಮಾಳಿಗಿ ಗಾರಿ ಹೊರತೀನಲ್ರಿ, ಅದು ಏನೂ ಅಲ್ಲೇನು?"

ಒಂದು ಶುಕ್ರವಾರ ಅವಳು ಬರಲಿಲ್ಲ. ಅಮ್ಮ ಅಕ್ಕಿಯ ಮೊರ ಬಾಗಿಲಲ್ಲೇ ಇಟ್ಟು ಎರಡು ಸಲ ಹೊರಗೆ ನೋಡಿದಳು. ಅದೇ ಸಂಜೆ ತರಗತಿಯಲ್ಲಿ ಸಾಳವಿ ನನ್ನ ಪಕ್ಕ ಕೂತು, ಮಂಗಳವಾರ ನಡೆದ ಒಂದು ವಿಚಿತ್ರ ಹೇಳುತ್ತೇನೆ ಕೇಳು ಎಂದ. ಜೋಗೇಶ್ವರಿ ಸ್ಟೇಷನ್ನಿನ ಎದುರು, ಉಡುಪಿ ಹೋಟೆಲಿನ ಪಕ್ಕ ವ್ಯಾನು ನಿಂತಿತ್ತು. ಅದನ್ನು ಕಂಡು ಬೇಡುವವರೆಲ್ಲ ಓಡಿಹೋದರು. ಆದರೆ ಒಬ್ಬ ಹೆಂಗಸು ನೇರವಾಗಿ ಅವನ ಹತ್ತಿರವೇ ಬಂದು ಬುಟ್ಟಿ ಹಿಡಿದಳು.

"ಮೇರೇ ಸಾಮ್ನೇ! ಮೈ ಚಾಯ್ ಪೀ ರಹಾ ಥಾ," ಎಂದ. "ದೇವೀಚಾ ಮುಖವಟಾ, ಹಳದ್. ಮೇರೀ ಆಯೀ ಭೀ ನವರಾತ್ರ್ ಮೇ ಜೋಗವಾ ಮಾಂಗತೀ ಹೈ. ಮೈನೇ ಹಾಥ್ ಜೋಡಾ. ದಸ್ ಪೈಸಾ ಡಾಲಾ." ತನ್ನ ತಾಯಿಯೂ ನವರಾತ್ರಿಯಲ್ಲಿ ಹೀಗೆ ಜೋಗ ಬೇಡುವವಳೆಂದು ಕೈಮುಗಿದು ಹತ್ತು ಪೈಸೆ ಹಾಕಿದನಂತೆ. ಅವನು ಮೂಗು ಉಜ್ಜಿಕೊಂಡ. "ಫಿರ್ ದೇಖಾ ತೋ ಸಾಹೇಬ್ ವ್ಯಾನ್ ಮೇ ಬೈಠ್ಕೇ ದೇಖ್ ರಹೇ ಹೈ. ಫಿರ್ ಪಕಡಾ." ಸಾಹೇಬರು ವ್ಯಾನಿನಿಂದ ನೋಡುತ್ತಿದ್ದರು, ಅದಕ್ಕೇ ಹಿಡಿದೆ ಎಂದು.

ಮುಖದ ವಿವರ ಕೇಳಿದೆ. ಭಾಷೆ ಕೇಳಿದೆ. ಸಂಗವ್ವನೇ.

ಅವಳ ಐದನೆಯ ಮನೆಯವರು ಬೀಗ ಹಾಕಿ ರಜೆಗೆ ಊರಿಗೆ ಹೋಗಿದ್ದರು ಎಂದು ಆಮೇಲೆ ಅವಳ ತಮ್ಮನಿಂದ ತಿಳಿಯಿತು. ನಾಲ್ಕು ಮನೆಯಾದರೆ ಹರಕೆ ಲೆಕ್ಕಕ್ಕಿಲ್ಲ. ಕೆಲಸಕ್ಕೆ ಹೊತ್ತಾಗುತ್ತಿತ್ತು. ಸ್ಟೇಷನ್ ರಸ್ತೆಗೆ ಬಂದು, ಬಿಳಿ ಅಂಗಿ ತೊಟ್ಟು ನೆಟ್ಟಗೆ ನಿಂತಿದ್ದ ಮನುಷ್ಯನನ್ನು ನೋಡಿ, ಈತ ದೇವರನ್ನು ಕಂಡರೆ ಕೈಮುಗಿಯುವವನು ಎಂದುಕೊಂಡಳು. ಆ ಮಟ್ಟಿಗೆ ಅವಳ ಎಣಿಕೆ ಸರಿಯಾಗಿಯೇ ಇತ್ತು.

ಅವಳಿಗೆ ದುಡಿಮೆ ಇದೆ ಎಂದು ತೋರಿಸಿದರೆ ಬಿಡಿಸಬಹುದು ಎಂದ ಸಾಳವಿ. ಮರುದಿನ ನಾನೂ ಅವಳ ತಮ್ಮನೂ ಕಂತ್ರಾಟುದಾರನ ಬಳಿ ಹೋದೆವು. ಅವನು ತನ್ನಲ್ಲಿ ಅಂಥ ಹೆಂಗಸು ಕೆಲಸಕ್ಕೇ ಇಲ್ಲ ಎಂದ. ಗಾರೆ ಹೊರುವವರ ಹೆಸರನ್ನು ಅವನು ಹಾಜರಿ ಪುಸ್ತಕದಲ್ಲಿ ಬರೆಯುತ್ತಲೇ ಇರಲಿಲ್ಲ. ಒಬ್ಬಳದನ್ನು ಒಪ್ಪಿಕೊಂಡರೆ ಎಲ್ಲರದನ್ನೂ ಒಪ್ಪಬೇಕು. ಅವಳು ಹೊತ್ತ ಗಾರೆಯ ಗೋಡೆ ಅವನ ಬೆನ್ನ ಹಿಂದೆಯೇ ಇತ್ತು. ಉಳಿದ ದಾರಿ ಒಂದೇ. ಮೊದಲ ಸಲ ಸಿಕ್ಕವರನ್ನು ಮ್ಯಾಜಿಸ್ಟ್ರೇಟರು ಎಚ್ಚರಿಕೆ ಕೊಟ್ಟು ಬಿಡಬಹುದು. ಇನ್ನು ಮುಂದೆ ಬೇಡುವುದಿಲ್ಲ ಎಂದು ಮುಚ್ಚಳಿಕೆಗೆ ಹೆಬ್ಬೆಟ್ಟು ಒತ್ತಿದರೆ ಸಾಕು. ಸಾಳವಿ ಓಡಾಡಿ ಅದಕ್ಕೆ ಏರ್ಪಾಡು ಮಾಡಿದ. ಕನ್ನಡ ಬಲ್ಲವರು ಬೇಕು ಎಂದು ನನ್ನನ್ನೇ ದುಭಾಷಿಯಾಗಿ ಕರೆಸಿದ. ನಾನು ಇದನ್ನೇ ಕೋರ್ಸಿನ ಕ್ಷೇತ್ರಾಧ್ಯಯನ ಮಾಡಿಕೊಂಡರೆ ಒಂದೇ ಸಲಕ್ಕೆ ಎರಡು ಕೆಲಸವಾಗುತ್ತದೆ ಎಂದೂ ಹೇಳಿದ. ನಾನು ಒಪ್ಪಿದೆ.

ವಿಚಾರಣೆಯ ಕೋಣೆಯಲ್ಲಿ ಒಂದು ಮೇಜು, ಒಂದು ಫ್ಯಾನು. ಹೊರಗಿನ ಜಗಲಿಯಲ್ಲಿ ಸಾಲಾಗಿ ಕೂತವರು. ಕುಂಟರು, ಕುರುಡರು, ಮುದುಕಿಯರು. ಕೆಲಸ ಹುಡುಕಿಕೊಂಡು ಬಂದು ಸ್ಟೇಷನ್ನಿನಲ್ಲಿ ಮಲಗಿದ್ದ ಗಟ್ಟಿಮುಟ್ಟಾದ ಗಂಡಸರೂ ಇದ್ದರು. ಸಂಗವ್ವನ ತಮ್ಮ ನೀಲಿಯನ್ನು ಕರೆತಂದು ಒಂದು ಬದಿಗೆ ಕೂತಿದ್ದ. ಮ್ಯಾಜಿಸ್ಟ್ರೇಟರು ವಯಸ್ಸಾದವರು, ಕೆಟ್ಟವರಲ್ಲ, ಅವಸರದಲ್ಲಿದ್ದರು. ಸಂಗವ್ವನನ್ನು ಕರೆತಂದರು. ಆ ಗೃಹದ ಸೀರೆಯಲ್ಲಿ ಅವಳು ಗಿಡ್ಡವಾಗಿ ಕಂಡಳು. ಬುಟ್ಟಿಯನ್ನು ಜಪ್ತಿ ಮಾಡಿ ಮೂಲೆಯ ಕಪಾಟಿನ ಮೇಲಿಟ್ಟಿದ್ದರು. ಅವಳು ಅದರತ್ತ ಬೆನ್ನು ಮಾಡದೆ ಓರೆಯಾಗಿ ನಿಂತಳು.

"ಬೇಡಿದ್ದು ಹೌದೇ ಎಂದು ಕೇಳಿ," ಎಂದರು ಮ್ಯಾಜಿಸ್ಟ್ರೇಟರು.

ಕೇಳಿದೆ.

"ಹೌದ್ರಿ. ಬೇಡೀನಿ," ಎಂದಳು ಸಂಗವ್ವ, ಸ್ವಲ್ಪ ಹೆಮ್ಮೆಯಿಂದಲೇ.

ಗುಮಾಸ್ತ ಮುಚ್ಚಳಿಕೆಯ ಹಾಳೆ ಮುಂದಿಟ್ಟ, ಮಸಿಯ ಪ್ಯಾಡು ತೆರೆದ. ಸಾಳವಿ ಅವಳ ಮಣಿಕಟ್ಟು ಹಿಡಿದು ಹೆಬ್ಬೆರಳಿಗೆ ಮಸಿ ಹಚ್ಚಿದ. ಹಿಂದಿನ ತಿಂಗಳಷ್ಟೇ ನಾವಿಬ್ಬರೂ ತರಗತಿಯಲ್ಲಿ ಪರಸ್ಪರರ ಬೆರಳಚ್ಚು ತೆಗೆದು, ಯಾರದು ಸುಳಿ, ಯಾರದು ಕಮಾನು ಎಂದು ಜಗಳವಾಡಿದ್ದೆವು. ಹಾಳೆಗೆ ಬೆರಳು ತಾಗುವಷ್ಟರಲ್ಲಿ ಅವಳು ಕೈ ಎಳೆದುಕೊಂಡಳು.

"ಏನು ಬರದೈತ್ರಿ ಇದರಾಗ?" ಎಂದು ನನ್ನನ್ನು ಕೇಳಿದಳು.

"ಇನ್ನ ಮ್ಯಾಲೆ ಬೇಡೂದಿಲ್ಲ ಅಂತ ಬರದಾರ."

"ಯಾರ ಬಲ್ಲಿ?"

"ಯಾರ ಬಲ್ಲೀನೂ."

"ಮಂಗಳವಾರನೂ?"

"ಮಂಗಳವಾರನೂ."

"ಶುಕ್ರವಾರ?"

ನಾನು ತಲೆಯಾಡಿಸಿದೆ. ಅವಳು ಮಸಿಯ ಹೆಬ್ಬೆರಳನ್ನು ಉಳಿದ ಬೆರಳುಗಳೊಳಗೆ ಮಡಚಿಕೊಂಡು ಮುಷ್ಟಿ ಕಟ್ಟಿದಳು.

"ಹೊಟ್ಟಿಗೆ ಬೇಡೂದಿಲ್ಲ ಅಂತ ಬರಸ್ರಿ, ಹತ್ತೂ ಬಟ್ಟು ಒತ್ತತೀನಿ. ಅವ್ವನ ಹೆಸರಲೆ ಬೇಡೂದಿಲ್ಲ ಅಂತ ಹ್ಯಾಂಗ ಒತ್ತಲಿ? ಕೊಟ್ಟ ಕಣ್ಣು ಹೊಳ್ಳಿ ಒಯ್ತಾಳ್ರಿ ಆಕಿ."

ಮ್ಯಾಜಿಸ್ಟ್ರೇಟರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಮನೆಯಲ್ಲೇ ಪೂಜೆ ಮಾಡಿದರೆ ಆಗದೇ ಎಂದು ಕೇಳಿಸಿದರು. ಆಗುವುದಿಲ್ಲ ಎಂದಳು, ಹರಕೆ ಹೊತ್ತದ್ದು ಬೇಡುತ್ತೇನೆಂದು. ಮುಚ್ಚಳಿಕೆಯ ಮಾತನ್ನು ಬದಲಾಯಿಸಬಹುದೇ ಎಂದು ನಾನು ಕೇಳಿದೆ. ಅದು ಅಚ್ಚಾದ ನಮೂನೆ, ತನಗೆ ಆ ಅಧಿಕಾರವಿಲ್ಲ ಎಂದರು ಅವರು. ದೇವರ ಹೆಸರಿಗೆ ಒಬ್ಬಳನ್ನು ಬಿಟ್ಟರೆ ಜಗಲಿಯಲ್ಲಿ ಕೂತವರೆಲ್ಲ ದೇವರ ಹೆಸರನ್ನೇ ಹೇಳುತ್ತಾರೆ ಎಂದೂ ಸೇರಿಸಿದರು. ಅದೂ ನಿಜವೇ.

ಸಾಳವಿ ತಡೆಯಲಾರದೆ ಅವಳ ಮುಂದೆ ಬಗ್ಗಿದ. "ಅಗ ಬಾಯೀ, ಅಂಗಠಾ ಲಾವ್ ಆಣಿ ಬಾಹೇರ್ ಯೇ. ಮಂಗಳವಾರ್ ಕೋ ಫಿರ್ ಮಾಂಗ್! ಪಕಡ್ನೇವಾಲಾ ಕೌನ್? ಮೈಚ್ ನಾ?" ಎಂದು ಪಿಸುಗುಟ್ಟಿದ. ಹಿಡಿಯುವವನು ತಾನೇ, ಒತ್ತಿ ಹೊರಗೆ ಬಂದು ಮತ್ತೆ ಬೇಡು ಎಂದು.

ಅಷ್ಟು ಹಿಂದಿ, ಮರಾಠಿ ಅವಳಿಗೆ ತಿಳಿಯುತ್ತಿತ್ತು. ನನ್ನ ಕಡೆ ನೋಡಿದಳು. "ಬರದು ಕೊಟ್ಟ ಮ್ಯಾಲೆ ಹ್ಯಾಂಗ ಬೇಡೂದ್ರಿ?" ಎಂದಳು. ನಮ್ಮ ಮೂರು ಜನರಲ್ಲಿ ಆ ಹಾಳೆಯನ್ನು ನಂಬಿದವಳು ಅವಳೊಬ್ಬಳೇ.

ನನಗೆ ಸಿಟ್ಟು ಬಂತು. ಅದನ್ನು ಮುಚ್ಚಿಡುವುದಿಲ್ಲ. "ನೀಲಿ ಹೊರಗ ಕುಂತು ಅಳಾಕತ್ತಾಳ, ಸಂಗವ್ವಾ. ಆಕೀನ ಯಾರು ನೋಡ್ಕೋಬೇಕು?" ಎಂದೆ.

"ಅಳಲ್ರಿ," ಎಂದಳು. "ಕಣ್ಣದಾವಲ್ಲ, ಅಳ್ತಾಳ."

ಒಂದು ವರ್ಷ ಎಂದು ಬರೆದರು. ಗೋಡೆಗೆ ಒರೆಸಿದರೂ ಹೋಗದ ಮಸಿಯ ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡು ಅವಳು ಒಳಗೆ ನಡೆದಳು. ಕಪಾಟಿನ ಮೇಲಿನ ಬುಟ್ಟಿಯನ್ನು ಸಾಳವಿ ತಾನೇ ಕೇಳಿ ಇಳಿಸಿ, ಅವಳ ತಮ್ಮನ ಕೈಗೆ ಕೊಟ್ಟ. ಕೊಡುವಾಗ ಚಪ್ಪಲಿ ಕಳಚಿಟ್ಟಿದ್ದ.

ಮರುದಿನ ಇಡೀ ಸಂಗತಿಯನ್ನು ಬರೆದು ಭಟ್ಟರ ಮುಂದಿಟ್ಟೆ. ಹರಕೆ, ಸಿಡುಬು, ಬೀಗ ಹಾಕಿದ ಮನೆ, ಕಂತ್ರಾಟುದಾರ. ಕಾರಣ ತಿಳಿದುಬಂದ ನನ್ನ ಮೊದಲ ಸುದ್ದಿ ಅದು. ಭಟ್ಟರು ಪೂರ್ತಿ ಓದಿದರು. ಅಪರೂಪಕ್ಕೆ.

"ಒಳ್ಳೇದುಂಟು," ಎಂದರು. ಆಮೇಲೆ ಕೆಂಪು ಪೆನ್ಸಿಲು ತೆಗೆದರು. "ಹರಕೆಗಿರಕೆ ಎಲ್ಲ ಯಾರು ಓದ್ತಾರೆ ಮಾರಾಯಾ? ಸಂಜೆಪೇಪರು, ಟ್ರೈನಲ್ಲಿ ನಿಂತುಕೊಂಡು ಓದುವವರು."

ಸಂಜೆ ಅದು ಕೊನೆಯ ಪುಟದ ಕೆಳಗೆ, ಸಿನಿಮಾ ಜಾಹೀರಾತಿನ ಪಕ್ಕ, ಚೌಕಟ್ಟಿನೊಳಗೆ ಬಂತು. ಬಿಡುಗಡೆ ಬೇಡವೆಂದ ಭಿಕ್ಷುಕಿ ಎಂಬ ಅರ್ಥದ ತಲೆಬರಹ. ನಾಲ್ಕು ಸಾಲು. ಹೆಸರೂ ಇತ್ತು. ಚರ್ಚ್‌ಗೇಟಿನಿಂದ ಹೊರಟ ಲೋಕಲಿನಲ್ಲಿ ನನ್ನೆದುರಿಗೆ ಒಬ್ಬರು ಅದನ್ನು ಪಕ್ಕದವರಿಗೆ ಓದಿ ಹೇಳಿದರು. "ಫ್ರೀ ಖಾನಾ ಮಿಲತಾ ಹೈ ನಾ ಅಂದರ್," ಎಂದರು ಪಕ್ಕದವರು, ಒಳಗೆ ಪುಕ್ಕಟೆ ಊಟ ಸಿಗುತ್ತದಲ್ಲ ಎಂದು. ಇಬ್ಬರೂ ಸೌಮ್ಯವಾಗಿ ನಕ್ಕರು. ಬಾಂದ್ರಾ ಬಂದಾಗ ಆ ಪತ್ರಿಕೆಯನ್ನು ಹಾಸಿಕೊಂಡು ಯಾರೋ ಕೂತರು.

ಕ್ಷೇತ್ರಾಧ್ಯಯನದ ವರದಿಗೆ ತರಗತಿಯಲ್ಲೇ ಹೆಚ್ಚಿನ ಅಂಕ ಬಂತು. "ಅವಲೋಕನ ಚೆನ್ನಾಗಿದೆ, ಪರಿಹಾರ ಸೂಚಿಸಿಲ್ಲ" ಎಂದು ಪ್ರೊಫೆಸರರು ಅಂಚಿನಲ್ಲಿ ಬರೆದಿದ್ದರು. ಅವರು ಹೇಳಿದ್ದು ಸರಿ. ಈಗಲೂ ನನ್ನಲ್ಲಿ ಪರಿಹಾರವಿಲ್ಲ. ಕಾನೂನು ಮಾಡಿದವರು ಊರು ಚೊಕ್ಕಟವಾಗಲಿ ಎಂದು ಮಾಡಿದರು. ಸಾಳವಿ ಅವಳಿಗೆ ಕೈಮುಗಿದ. ಮ್ಯಾಜಿಸ್ಟ್ರೇಟರು ದಾರಿ ತೋರಿಸಿದರು. ಭಟ್ಟರು ಒಳ್ಳೇದುಂಟು ಎಂದರು. ನಾನು ಒಂದು ಶಬ್ದವನ್ನೂ ಬದಲಿಸದೆ ಅನುವಾದಿಸಿದೆ. ಪುಸ್ತಕದಲ್ಲಿ ಪ್ರತಿ ಅಪರಾಧಕ್ಕೂ ಒಬ್ಬ ಅಪರಾಧಿಯ ಅಧ್ಯಾಯವಿತ್ತು. ಇದಕ್ಕೆ ಯಾವ ಅಧ್ಯಾಯ ತೆರೆದರೂ ಸಿಗುವುದು ಸಂಗವ್ವನ ಹೆಸರೊಂದೇ.

ಅಮ್ಮನಿಗೆ ಶಾಸ್ತ್ರದ ಗೊಡವೆ ಇರಲಿಲ್ಲ. "ನೀ ಅಷ್ಟು ಕಲ್ತಾಂವ ಅಲ್ಲಿ ನಿಂತಿದ್ದೆಲ್ಲೋ," ಎಂದಳು ಒಮ್ಮೆ. ಮತ್ತೆ ಹೇಳಲಿಲ್ಲ. ಆ ವರ್ಷದ ಶ್ರಾವಣದಲ್ಲಿ ಅಪ್ಪ ಗೋಪಾಳದ ತಂಬಿಗೆ ತೊಳೆದಿಡು ಎಂದಾಗ, ತಂಬಿಗೆ ಎಲ್ಲಿಟ್ಟಿದ್ದೇನೋ ಸಿಗುತ್ತಿಲ್ಲ ಎಂದಳು. ನಮ್ಮದು ಎರಡು ಕೋಣೆಯ ಮನೆ. ಅಲ್ಲಿ ಏನೂ ಕಳೆಯುವಂತಿರಲಿಲ್ಲ.

ಮುಂದೆ ಸಂಗವ್ವನಿಗೆ ಏನಾಯಿತು ಎಂದು ನೀವು ಕೇಳುತ್ತೀರಿ. ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಬರೆಯದಿರುವುದು ನನ್ನ ಕಸುಬಿನ ಪಾಠ. ಗೊತ್ತಿರುವುದು ಇಷ್ಟು. ಗೃಹದೊಳಗೂ ಅವಳು ಮಂಗಳವಾರ ತಟ್ಟೆ ಹಿಡಿದು ಐದು ಹೆಂಗಸರ ಬಳಿ ತುತ್ತು ಅನ್ನ ಬೇಡಿದಳಂತೆ. ಅಲ್ಲಿಯೂ ಬೇಡುತ್ತಾಳೆ ಎಂದು ಮೇಲಿನವರು ಅದನ್ನು ತಡೆದರಂತೆ. ಕೆಲವು ತಿಂಗಳ ನಂತರ ಅವಳನ್ನು ಊರ ಹೊರಗಿನ ಇನ್ನೊಂದು ಕಡೆಗೆ ಸಾಗಿಸಿದರು ಎಂದು ಸಾಳವಿ ಹೇಳಿದ. ಆಮೇಲೆ ಅವನಿಗೆ ಬಡ್ತಿ ಸಿಕ್ಕಿ ಬೇರೆ ಠಾಣೆಗೆ ಹೋದ. ಷೆಡ್ಡುಗಳ ಕೆಲಸ ಮುಗಿದಾಗ ಕೂಲಿಯವರು ಗುಡಿಸಲು ಕಿತ್ತರು, ಸಂಗವ್ವನ ತಮ್ಮ ನೀಲಿಯನ್ನು ಕರೆದುಕೊಂಡು ಗುಂಪಿನೊಡನೆ ಎಲ್ಲಿಗೋ ಹೊರಟುಹೋದ. ಅವಳು ಬಿಡುಗಡೆಯಾಗಿ ಜೋಗೇಶ್ವರಿಗೆ ಬಂದಿದ್ದರೆ ಅಲ್ಲಿ ಕಾಣುತ್ತಿದ್ದದ್ದು ತಾನೇ ಗಾರೆ ಹೊತ್ತು ಏಳಿಸಿದ ಗೋಡೆಗಳು ಮಾತ್ರ. ಬಂದಿದ್ದರೆ ನಮ್ಮ ಬಾಗಿಲಿಗೂ ಬರುತ್ತಿದ್ದಳು. ಬರಲಿಲ್ಲ.

ಅವರೆಲ್ಲ ಗುಡಿಸಲು ಕೀಳುವ ಮೊದಲಿನ ಒಂದು ಶುಕ್ರವಾರದ ಮಾತು. ಸರ್ಟಿಫಿಕೇಟು ನನ್ನ ಕೈಗೆ ಬಂದು ವಾರವಾಗಿರಲಿಲ್ಲ, ಫ್ರೇಮು ಹಾಕಿಸಬೇಕೆಂದು ಮೇಜಿನ ಮೇಲೆ ಇಟ್ಟಿದ್ದೆ. ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವ ಹೊತ್ತು. ಬಾಗಿಲಲ್ಲಿ ಏನೋ ಸದ್ದಾಯಿತು. ನೋಡಿದರೆ ನೀಲಿ. ಮಿಂದ ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮುಖದ ತುಂಬ ಕಲೆ, ನಡುವೆ ದೊಡ್ಡ, ಸ್ವಚ್ಛವಾದ ಎರಡು ಕಣ್ಣು. ಕೈಯಲ್ಲಿ ಆ ಬುಟ್ಟಿ.

"ಅವ್ವ ಮಾಮಾನ ಕೂಡ ಹೇಳಿ ಕಳಿಸ್ಯಾಳ್ರಿ," ಎಂದಳು ಅಮ್ಮನಿಗೆ. "ತಾ ಬರೂತನಕಾ ನಾ ಬೇಡಬೇಕಂತ."

ಅಮ್ಮ ಒಳಗೆ ಹೋಗಿ ಮೊರ ತಂದಳು. ಹುಡುಗಿ ಬುಟ್ಟಿ ಹಿಡಿದು "ಉಧೋ ಉಧೋ" ಎಂದಳು. ಎದುರಿಗೆ ನಿಂತ ನಮಗೇ ಕೇಳಿಸದಷ್ಟು ಮೆಲ್ಲಗೆ.

"ಜೋರಾಗಿ ಅನ್ನವಾ, ದೇವರ ಹೆಸರು," ಎಂದಳು ಅಮ್ಮ.

"ಪೊಲೀಸ್ರು ಕೇಳ್ತಾರ್ರೀ," ಎಂದಳು ನೀಲಿ.

ಅಮ್ಮ ನನ್ನ ಮುಖ ನೋಡಿದಳು. ನಾನು ಗ್ಯಾಲರಿಯ ಕಟಕಟೆಗೆ ಹೋಗಿ ಬಗ್ಗಿ ರಸ್ತೆಯನ್ನು ನೋಡಿದೆ. ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ. ಹಾಲಿನವನ ಸೈಕಲ್ಲು, ನಳದ ಮುಂದೆ ಕೊಡಗಳ ಸಾಲು. ವ್ಯಾನು ಇರಲಿಲ್ಲ. ಅಷ್ಟು ದಿನ ಕಲಿತದ್ದರಲ್ಲಿ ನಾನು ಯಾರಿಗಾದರೂ ಮಾಡಬಹುದಾಗಿದ್ದ ಸಹಾಯ ಅದೊಂದೇ ಆಗಿತ್ತು.

"ಯಾರೂ ಇಲ್ಲ," ಎಂದೆ.

ಅಮ್ಮ ಅಕ್ಕಿ ಸುರಿದಳು. ನೀಲಿ ತುದಿಗಾಲಲ್ಲಿ ನಿಂತು ಅವಳ ಹಣೆಗೆ ಭಂಡಾರ ಹಚ್ಚಿ, ಬುಟ್ಟಿಯನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲಿನ ಕಡೆ ತಿರುಗಿದಳು. ಒಂದು ಗಳಿಗೆ ನಿಲ್ಲು, ನೀರು ಕುಡಿದು ಹೋಗು ಎಂದಳು ಅಮ್ಮ.

"ಇಲ್ರಿ," ಎಂದಳು ಹುಡುಗಿ. "ಇನ್ನ ನಾಕ ಮನಿ ಅದಾವ್ರಿ."